ರೋಮಿನ ಬಯಲುರಂಗಗಳ ಮೇಲ್ಕಟ್ಟು ಮತ್ತು ಅದರ ಪಾಲಕರು

ಪ್ರಾಚೀನ ರೋಮನರ ಬಯಲುರಂಗಗಳಲ್ಲಿ ಪ್ರೇಕ್ಷಕರ ನೆರಳಿಗಾಗಿ ವಿಶಾಲವಾದ ಬಟ್ಟೆಯ ಮೇಲ್ಕಟ್ಟನ್ನು ಹರಡುತ್ತಿದ್ದರು. ಕ್ರಿ.ಶ. 79ರಲ್ಲಿ ಬೂದಿಯಡಿ ಹುದುಗಿದ ಪಾಂಪೆಯ ಗೋಡೆಬರಹಗಳು ಖಡ್ಗಮಲ್ಲರ ಕಾಳಗವನ್ನು ಸಾರುವಾಗ ಮೇಲ್ಕಟ್ಟೂ ಇರುವುದೆಂದು ತಿಳಿಸಿ, ಏರ್ಪಡಿಸಿದ ಶ್ರೀಮಂತನ ಹೆಸರನ್ನೂ ಹೇಳುತ್ತವೆ. ಆದರೆ ಅದನ್ನು ಬಿಚ್ಚಿ, ಮಡಿಸಿ, ಕಾಪಾಡಿದವರಾರು? ಕ್ರಿ.ಶ. 80ರಲ್ಲಿ ಉದ್ಘಾಟನೆಗೊಂಡ ಕೊಲೋಸಿಯಮ್ಮಿನಲ್ಲಿ ಮೇಲ್ಕಟ್ಟನ್ನೆಳೆಯುವ ಕಾರ್ಯ ನೌಕಾಸೈನಿಕರದಾಗಿತ್ತೆಂದು ಕೊಮೊಡಸ್ ಚಕ್ರವರ್ತಿಯ ಪ್ರಾಚೀನ ಚರಿತ್ರೆಯಿಂದ ತಿಳಿಯುತ್ತದೆ. ಇದು ಸಹಜವೇ. ನೆನೆದ ಬಟ್ಟೆಯನ್ನು ಒಣಗಿಸದೆ ಮಡಿಸಿದರೆ ಕೊಳೆಯುವುದೆಂಬುದೂ, ಬಿರುಗಾಳಿಗೆ ಹರಡಿದರೆ ಹರಿಯುವುದೆಂಬುದೂ ಹಾಯಿಯನ್ನು ಬಲ್ಲವರಿಗೆ ತಿಳಿದ ಸಂಗತಿ. ಆ ಬಟ್ಟೆ ಉಳಿದಿಲ್ಲ. ಅದರ ಕಂಬಗಳನ್ನು ಹೊತ್ತಿದ್ದ 240 ಕಲ್ಲುಚಾಚುಗಳಲ್ಲಿ ಹಲವು ಇಂದಿಗೂ ಹೊರಗೋಡೆಯ ಮೇಲಿವೆ. ಆದುದರಿಂದ ಬಯಲುರಂಗದ ಚರಿತ್ರೆಯಲ್ಲಿ ಕಟ್ಟಿಸಿದವರೊಡನೆ ಕಾಪಾಡಿದವರಿಗೂ ಸ್ಥಾನ ಸಲ್ಲಬೇಕು.