ಕರು ಹಾಕಿದ ಮೇಲೂ ಉಳಿಯುವ ಗಬ್ಬದ ಪ್ರೊಟೀನು: ಅರವತ್ತು ದಿನಗಳ ನಿಯಮದ ಮರುಪರಿಶೀಲನೆ

ಮೆಲುಕು ಹಾಕುವ ಪ್ರಾಣಿಗಳಲ್ಲಿ ಗಬ್ಬ ನಿಂತಿದ್ದನ್ನು ರಕ್ತದಿಂದಲೇ ತಿಳಿಸುವ ಪ್ರೊಟೀನುಗಳ ಮೂಲ ಸಂಗತಿಗಳಲ್ಲಿ ಈಗ ತಕರಾರಿಲ್ಲ. 1982ರಲ್ಲಿ ಬಟ್ಲರ್ ಮತ್ತು ಸಂಗಡಿಗರು ಹಸುವಿನ ಭ್ರೂಣದ ಪೊರೆಗಳಿಂದ ಇಂಥದೊಂದನ್ನು ಬೇರ್ಪಡಿಸಿದರು. 1991ರಲ್ಲಿ ಬೆಲ್ಜಿಯಂನ ಝೋಲಿ, ಬೆಕರ್ಸ್ ತಂಡ ಮಾಸಿನಿಂದ ಶುದ್ಧೀಕರಿಸಿತು. ಇವು ಆಸ್ಪಾರ್ಟಿಕ್ ಪ್ರೋಟಿಯೇಸ್ ಕಿಣ್ವಗಳ ಕುಲಕ್ಕೆ ಸೇರಿದವು, ಆದರೆ ಹೆಚ್ಚಿನವಕ್ಕೆ ಕಿಣ್ವದ ಕೆಲಸ ಬಾರದು ಎಂದು ಅದೇ ವರ್ಷ ಮಿಸೌರಿಯಿಂದ ವರದಿ ಬಂತು. ಮಾಸಿನ ಎರಡು ಕೋಶಕೇಂದ್ರಗಳ ಜೀವಕೋಶಗಳು ಗರ್ಭಕೋಶದ ಒಳಪದರದೊಂದಿಗೆ ಬೆಸೆದುಕೊಂಡು ಇವನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಇನ್‌ಸೆಮಿನೇಷನ್ ಆದ ನಾಲ್ಕನೇ ವಾರದಿಂದ ಅಳೆಯಬಹುದು. ಕೈ ಹಾಕಿ ನೋಡುವ ಪಶುವೈದ್ಯರು ಸಾಮಾನ್ಯವಾಗಿ ಇನ್ನೂ ಕೆಲವು ವಾರ ಕಾಯುತ್ತಾರೆ.

ತಕರಾರು ಇರುವುದು ಹೆರಿಗೆಯ ನಂತರದ ದಿನಗಳ ಬಗ್ಗೆ. ಮಾಸು ಬಿದ್ದರೂ ಪ್ರೊಟೀನು ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಕರು ಹಾಕಿ ಅರವತ್ತು ದಿನ ಕಳೆಯುವವರೆಗೆ ಪರೀಕ್ಷೆ ಬೇಡ ಎಂಬ ಮಾತು ಹೈನುಗಾರಿಕೆಯ ಸಲಹೆಗಳಲ್ಲಿ ನೆಲೆಯೂರಿದೆ. ಈ ಅರವತ್ತನ್ನು ಪ್ರೊಟೀನಿನದೇ ಗುಣವೆಂಬಂತೆ ಬಳಸುವುದಕ್ಕೆ ನನ್ನ ವಿರೋಧ.

ಲೆಕ್ಕ ನೋಡೋಣ. ಝೋಲಿ ತಂಡದ 1992ರ ಮಾಪನದಲ್ಲಿ ಹೆರಿಗೆಯ ಹೊತ್ತಿಗೆ ಪ್ರಮಾಣ ಮಿಲಿಲೀಟರಿಗೆ ಎರಡು ಸಾವಿರ ನ್ಯಾನೋಗ್ರಾಂ ದಾಟಿತ್ತು. ಅರ್ಧಾಯುಷ್ಯ ಸುಮಾರು ಒಂಬತ್ತು ದಿನ ಎಂದುಕೊಂಡರೆ, ಎರಡು ಸಾವಿರ ಒಂದಕ್ಕೆ ಇಳಿಯಲು ಹನ್ನೊಂದು ಸಲ ಅರ್ಧವಾಗಬೇಕು, ಅಂದರೆ 99 ದಿನ. ಆ ತಂಡ ಕಂಡದ್ದೂ ಹೆಚ್ಚುಕಡಿಮೆ ನೂರು ದಿನವೇ. ಗ್ರೀನ್ ಮತ್ತು ಸಂಗಡಿಗರು 2005ರಲ್ಲಿ ಗಬ್ಬದ ಮೊದಲ ಹಂತದ ಪ್ರೊಟೀನುಗಳನ್ನೇ ಹಿಡಿಯುವ ಪ್ರತಿಕಾಯಗಳನ್ನು ಬಳಸಿದಾಗ ಅರ್ಧಾಯುಷ್ಯ 4.3 ದಿನಕ್ಕೆ ಬಂತು. ಎಂಟನೇ ವಾರಕ್ಕೆ ಶೇಷವೇ ಇರಲಿಲ್ಲ. ಹಸು ಅದೇ, ಹೆರಿಗೆಯೂ ಅದೇ ಬಗೆಯದು, ಬದಲಾದದ್ದು ಪ್ರತಿಕಾಯ. ಹಸುವಿನಲ್ಲಿ ಈ ಕುಲದ ಇಪ್ಪತ್ತಕ್ಕೂ ಹೆಚ್ಚು ಜೀನ್‌ಗಳಿರುವುದರಿಂದ, ಯಾವ ಸದಸ್ಯವನ್ನು ಹಿಡಿಯುತ್ತೇವೆ ಎನ್ನುವುದರ ಮೇಲೆ ಕಾಯುವ ಅವಧಿ ನಿಂತಿದೆ.

ಕರು ಹಾಕಿದ 45ನೇ ದಿನ ಇನ್‌ಸೆಮಿನೇಷನ್ ಆಗಿ, 73ನೇ ದಿನ ರಕ್ತ ತೆಗೆದರು ಎನ್ನಿ. ಅರವತ್ತರ ನಿಯಮ ಪಾಲಿಸಿದಂತಾಯಿತು. ಆದರೆ ಹಳೆಯ ವಿಧಾನದಲ್ಲಿ ಆಗಲೂ ಹಿಂದಿನ ಗಬ್ಬದ ಏಳು ನ್ಯಾನೋಗ್ರಾಂ ಉಳಿದಿರುತ್ತದೆ. ಇಪ್ಪತ್ತೆಂಟು ದಿನದ ಹೊಸ ಗಬ್ಬ ಕೊಡುವುದೂ ಕೆಲವೇ ನ್ಯಾನೋಗ್ರಾಂ. ಒಂದೇ ಮಾದರಿಯಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಆದ್ದರಿಂದ, ಸಂಶಯವಿದ್ದಾಗ ಹತ್ತು ದಿನ ಬಿಟ್ಟು ಎರಡನೇ ಮಾದರಿ ತೆಗೆಯುವುದು ದಿನ ಎಣಿಸುವುದಕ್ಕಿಂತ ಭರವಸೆಯದೆಂದು ನನ್ನ ವಾದ. ಶೇಷವಾಗಿದ್ದರೆ ಅದು ಅರ್ಧಕ್ಕೂ ಕೆಳಗಿಳಿಯಬೇಕು. ಭ್ರೂಣ ಸತ್ತಿದ್ದರೂ ಇಳಿಯುತ್ತದೆ. ರೈತನಿಗೆ ಎರಡಕ್ಕೂ ಉತ್ತರ ಒಂದೇ, ಗಬ್ಬವಿಲ್ಲ. ಇದನ್ನು ಎಚ್ಚರಿಕೆಯಿಂದಲೇ ಹೇಳಬೇಕು: ಎರಡನೇ ತಿಂಗಳಲ್ಲಿ ನಿಜವಾದ ಗಬ್ಬದಲ್ಲೂ ಕೆಲವು ವಿಧಾನಗಳಲ್ಲಿ ಮಟ್ಟ ಕೊಂಚ ತಗ್ಗುವುದುಂಟು, ಹಸುವಿನಿಂದ ಹಸುವಿಗೆ ವ್ಯತ್ಯಾಸ ದೊಡ್ಡದು, ಎರಡು ಮಾದರಿಗಳನ್ನೂ ಒಂದೇ ಕಿಟ್‌ನಲ್ಲಿ ಅಳೆಯದೆ ಹೋಲಿಕೆಗೆ ಬೆಲೆಯಿಲ್ಲ. ಎಮ್ಮೆಗೆ ಹಸುವಿನ ಅರ್ಧಾಯುಷ್ಯವನ್ನು ಹೊರಿಸುವುದೂ ಸಲ್ಲ. ಎರಡನೇ ಸಲದ ಖರ್ಚು ಸಣ್ಣ ಹಿಡುವಳಿದಾರನಿಗೆ ಹೊರೆಯೇ, ಅದನ್ನು ಅಲ್ಲಗಳೆಯಲಾಗದು.

ಅರವತ್ತರ ನಿಯಮ ಎಷ್ಟರಮಟ್ಟಿಗೆ ಕೊಟ್ಟಿಗೆಯ ನಿಯಮ ಎಂಬುದು ಚೆನ್ನೈನ ಗಿಂಡಿಯಲ್ಲಿ ಎದ್ದು ಕಾಣುತ್ತದೆ. ಅಲ್ಲಿ 2.7 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನದಲ್ಲಿ, ಊರಿನ ನಡುವೆಯೇ, ಕೃಷ್ಣಮೃಗಗಳಿವೆ. ಇವೂ ಹಸುವಿನ ಕುಟುಂಬದವೇ. ಗಬ್ಬದ ಅವಧಿ ಸುಮಾರು ಆರು ತಿಂಗಳು, ಹೆತ್ತ ಸ್ವಲ್ಪ ಕಾಲದಲ್ಲೇ ಮತ್ತೆ ಗಬ್ಬ ಕಟ್ಟಬಲ್ಲವು. ಕೊಟ್ಟಿಗೆಯಲ್ಲಿ ಕರು ಹಾಕಿದ ದಿನ ಮನೆಮಂದಿಗೆಲ್ಲ ನೆನಪಿರುತ್ತದೆ. ಕಾಡುಮೃಗ ಹೆತ್ತ ದಿನ ಬರೆದಿಟ್ಟವರು ಯಾರು? ಎಣಿಕೆ ಶುರು ಮಾಡುವ ದಿನವೇ ಇಲ್ಲದಾಗ ಅರವತ್ತೂ ಒಂದೇ, ನೂರೂ ಒಂದೇ. ನನ್ನ ಎರಡು ಮಾದರಿಯ ಸೂತ್ರವೂ ಅಲ್ಲಿ ಕುಂಟುತ್ತದೆ: ಹಿಡಿಯುವ ಗಾಬರಿಗೇ ಪ್ರಾಣ ಬಿಡುವ ಪ್ರಾಣಿಯನ್ನು ಹತ್ತು ದಿನದೊಳಗೆ ಎರಡು ಸಲ ಹಿಡಿಯುವುದು ಸರಿಯಲ್ಲ. ಹಿಕ್ಕೆಯಲ್ಲಿ ಪ್ರೊಜೆಸ್ಟರಾನ್ ಅಂಶ ಅಳೆಯುವುದೇ ಅಲ್ಲಿಗೆ ಒಪ್ಪುವ ದಾರಿ.

ಕೃಷ್ಣಮೃಗದ ರಕ್ತದಲ್ಲಿ ಈ ಪ್ರೊಟೀನು ಯಾವ ವೇಗದಲ್ಲಿ ಇಳಿಯುತ್ತದೆ ಎಂಬುದನ್ನು ಹೆರಿಗೆಯ ದಿನ ದಾಖಲಾದ ಮೃಗಾಲಯದ ಹಿಂಡಿನಲ್ಲಿ, ಬೇರೆ ಚಿಕಿತ್ಸೆಗೆಂದು ರಕ್ತ ತೆಗೆದಾಗ ಉಳಿದ ಮಾದರಿಗಳಿಂದಲೇ ಅಳೆಯಬಹುದು. ಹಸುವಿನ ಪ್ರತಿಕಾಯ ಅದನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದು ಅದಕ್ಕೂ ಮೊದಲು ತೀರ್ಮಾನವಾಗಬೇಕು.