ತಂತಿ ಕಳಚಿಕೊಂಡ ಮಾಯಾಲೋಕ

ಗದಗಿನಿಂದ ಬಳ್ಳಾರಿ ಕಡೆಗೆ ಹೋಗುವ ರೈಲು ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲು ತಲುಪುತ್ತದೆ. ಅಲ್ಲಿನ ಉಕ್ಕಿನ ಕಾರ್ಖಾನೆಯ ವಿದ್ಯಾನಗರದಲ್ಲಿರುವ ಕಲಾಧಾಮದಲ್ಲಿ 2012ರಲ್ಲಿ 'ಪ್ಲೇಸ್-ಹಂಪಿ' ನೆಲೆಗೊಂಡಿತು. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ಇದು 2006ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಮೊದಲು ಪ್ರದರ್ಶನಗೊಂಡಿತ್ತು. ಸುತ್ತಲೂ ಸಿಲಿಂಡರಿನಾಕಾರದ ಪರದೆ, ನಡುವೆ ತಿರುಗುವ ವೇದಿಕೆ. ಕನ್ನಡಕ ಧರಿಸಿ ವೇದಿಕೆಯನ್ನು ತಿರುಗಿಸಿದರೆ ಹಂಪಿಯ ದೃಶ್ಯವೂ ಆಳ ಸಹಿತ ತಿರುಗುತ್ತದೆ.

ಇಲ್ಲಿ ಗಣಕಕ್ಕೆ ಬೇಕಾದದ್ದು ಒಂದೇ ಅಳತೆ: ವೇದಿಕೆ ತಿರುಗಿದ ಕೋನ. ದೃಶ್ಯವನ್ನು ತಲೆಗೇ ಕಟ್ಟಿಕೊಂಡರೆ? ಆಗ ಆರು ಅಳತೆಗಳು ಬೇಕು. ಮೂರು ದಿಕ್ಕಿನ ಸ್ಥಾನ, ಮೂರು ಬಗೆಯ ತಿರುವು. ಮಿಥ್ಯಾವಾಸ್ತವದ ಚರಿತ್ರೆಯೆಂದರೆ ಬಹುಪಾಲು ಈ ಆರನ್ನು ಅಳೆಯಲು ಪಟ್ಟ ಪಾಡು.

ದೇಹದ ಚಲನೆಯನ್ನು ಸೆರೆಹಿಡಿಯುವ ಆಸೆ ಅದಕ್ಕಿಂತ ಹಳೆಯದು. 1880ರ ದಶಕದಲ್ಲಿ ಫ್ರೆಂಚ್ ಶರೀರವಿಜ್ಞಾನಿ ಮಾರೇ, ಕಪ್ಪು ಉಡುಪಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಮನುಷ್ಯನನ್ನು ನಡೆಸಿ, ಒಂದೇ ಫಲಕದ ಮೇಲೆ ಹಲವು ಚಿತ್ರ ತೆಗೆದ. 1968ರಲ್ಲಿ ಐವಾನ್ ಸದರ್ಲೆಂಡ್ ತಲೆಗೆ ತೊಡುವ ಪರದೆ ತೋರಿಸಿದ. ತಲೆ ಎಲ್ಲಿದೆಯೆಂದು ತಿಳಿಯಲು ಛಾವಣಿಯಿಂದ ಇಳಿದ ಲೋಹದ ತೋಳು! ತೊಟ್ಟವರು ಒಂದರ್ಥದಲ್ಲಿ ಕಟ್ಟಿಹಾಕಿದ ಎತ್ತು.

ಹಗ್ಗ ಬಿಚ್ಚಿದ್ದು ಸಿಲಿಕಾನ್ ಚಿಪ್ಪಿನೊಳಗಿನ ವೇಗೋತ್ಕರ್ಷ ಮಾಪಕ ಮತ್ತು ಗೈರೋಸ್ಕೋಪ್. ಕಾರಿನ ಏರ್‌ಬ್ಯಾಗಿಗೆ ಬಳಕೆಯಾಗಿ ಈ ಮಾಪಕ ಅಗ್ಗವಾಯಿತು. ಆದರೆ ಒಂದು ತೊಡಕಿದೆ. ತರಗತಿಯಲ್ಲೇ ಲೆಕ್ಕ ಹಾಕಿ ನೋಡಬಹುದು. ಮಾಪಕದಲ್ಲಿ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರಿನಷ್ಟು ಸ್ಥಿರ ದೋಷವಿರಲಿ. ದೂರ ಅರ್ಧ ವೇಗೋತ್ಕರ್ಷ ಗುಣಿಸು ಕಾಲದ ವರ್ಗ ತಾನೆ? ಸುಮ್ಮನೆ ನಿಂತವನು 10 ಸೆಕೆಂಡಿನಲ್ಲಿ 5 ಮೀಟರ್ ಆಚೆಗಿದ್ದಾನೆಂದು ಯಂತ್ರ ನಂಬುತ್ತದೆ! ಆದ್ದರಿಂದ 2019ರಲ್ಲಿ ಬಂದ ತಂತಿರಹಿತ 'ಕ್ವೆಸ್ಟ್' ಸಾಧನದಲ್ಲಿ ನಾಲ್ಕು ಕ್ಯಾಮೆರಾಗಳು ಕೋಣೆಯ ಮೂಲೆ ಅಂಚುಗಳನ್ನು ನೋಡುತ್ತ ಈ ದೋಷವನ್ನು ಮತ್ತೆ ಮತ್ತೆ ತಿದ್ದಿದವು.

ಇಡೀ ಮೈಯ ಚಲನೆಗೆ ಬಂದರೆ ನಮ್ಮ ಸೀಮೆಯ ದೊಡ್ಡಾಟ ಒಳ್ಳೆಯ ಪರೀಕ್ಷೆ. ಕಿರೀಟ, ಭುಜಕೀರ್ತಿ, ದಪ್ಪ ಉಡುಪಿನ ಅಡಿಯಲ್ಲಿ ಕೀಲುಗಳು ಕ್ಯಾಮೆರಾಗೆ ಕಾಣವು. ವೇಷದೊಳಗೆ ಕಟ್ಟಿದ ಸಂವೇದಕಗಳಿಗೆ ಆ ಅಡ್ಡಿಯಿಲ್ಲ. ಅವುಗಳ ದೋಷ ತಿದ್ದಲು ಬಳಸುವ ಉಪಾಯವೂ ಸರಳ: ಪಾದ ನೆಲಕ್ಕೆ ಊರಿದ ಕ್ಷಣ ಅದರ ವೇಗ ಸೊನ್ನೆ. ನಡಿಗೆಗೆ ಇದು ಸಾಕು. ವೀರವೇಷದವನು ರಂಗದ ಮೇಲೆ ನೆಗೆದಾಗ ಊರಿದ ಪಾದವೇ ಇರುವುದಿಲ್ಲ. ಅತ್ತ ಹತ್ತಿರದ ಕಬ್ಬಿಣ, ದಿಕ್ಕು ಹೇಳುವ ಕಾಂತಮಾಪಕವನ್ನು ದಾರಿ ತಪ್ಪಿಸುತ್ತದೆ. ಕಲಾವಿದರು ವಯಸ್ಸಾಗುತ್ತಿರುವಾಗ ಅವರ ಹೆಜ್ಜೆಗಳನ್ನು ಒಂದೇ ಬದಿಯ ವಿಡಿಯೋದಲ್ಲಿ ಹಿಡಿದಿಟ್ಟರೆ ಸಾಲದು. ಮುಂದೆ ಕಲಿಯುವವನು ಆ ನೆಗೆತವನ್ನು ಹಿಂದಿನಿಂದ, ಪಕ್ಕದಿಂದ ಸುತ್ತಿ ನೋಡಬೇಕಾದರೆ, ಮೊದಲು ಗಾಳಿಯಲ್ಲಿರುವ ಆ ಅರ್ಧ ಸೆಕೆಂಡಿನ ಲೆಕ್ಕ ಸರಿಹೋಗಬೇಕು.