ಪಿಡಿಎಫ್‌ನಲ್ಲಿ ಕಾಣುವ ಕನ್ನಡ, ಹುಡುಕಿದರೆ ಸಿಗದ ಕನ್ನಡ

ಮೆಲ್ಕಾರ್‌ನಿಂದ ಮಾತಾಡ್ತಾ ಇದ್ದೇನೆ. ಇವತ್ತು ನಿಮ್ಮ ಫೋನಲ್ಲಿ ರಾಶಿ ಬಿದ್ದಿರುವ ಪಿಡಿಎಫ್‌ನ ಚರಿತ್ರೆ.

1991ರಲ್ಲಿ ಅಡೋಬಿ ಕಂಪನಿಯ ಜಾನ್ ವಾರ್ನಾಕ್ ಒಂದು ಯೋಜನೆ ಬರೆದರು. ಯಾವ ಕಂಪ್ಯೂಟರಲ್ಲಿ ತೆರೆದರೂ ಪುಟ ಹಾಗೇ ಕಾಣಬೇಕು, ಅಷ್ಟೇ ಆಸೆ. 1993ರಲ್ಲಿ ಪಿಡಿಎಫ್ ಬಂತು. ಮೊದಮೊದಲು ಓದುವ ಸಾಫ್ಟ್‌ವೇರ್‌ಗೂ ದುಡ್ಡು ಕೊಡಬೇಕಿತ್ತು. ಅದನ್ನು ಫ್ರೀ ಮಾಡಿದ ಮೇಲೆ ಹಬ್ಬಿತು. (ಬಿಕಾಂ ಓದಿದ ನನಗೆ ಇಷ್ಟದ ಪಾಠ ಇದು!) 2008ರಲ್ಲಿ ಐಎಸ್‌ಒ ಮಾನದಂಡವೂ ಆಯ್ತು.

ಕನ್ನಡಕ್ಕಂತೂ ಇದು ದೊಡ್ಡ ಉಪಕಾರ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿದರೆ, ಫಾಂಟ್ ಇಲ್ಲದ ಕಡೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಪಿಡಿಎಫ್ ಹಾಗಲ್ಲ, ಫಾಂಟನ್ನು ಹೊಟ್ಟೆಯೊಳಗೇ ಇಟ್ಕೊಂಡು ಹೋಗುತ್ತದೆ. ಮದುವೆ ಕಾಗದ, ಸುತ್ತೋಲೆ, ಯಾವುದೂ ಕೆಡಲ್ಲ.

ಆದರೆ ಒಂದು ತೊಡಕು ಉಂಟು. ಆ ಹಳೇ ಫಾಂಟುಗಳು ಇಂಗ್ಲಿಷ್ ಸಂಕೇತಕ್ಕೆ ಕನ್ನಡದ ಚಿತ್ರ ಅಂಟಿಸಿದಂಥವು. ಕಣ್ಣಿಗೆ ‘ಬಂಟ್ವಾಳ’ ಕಂಡರೂ ಕಾಪಿ ಮಾಡಿದರೆ ಕಸ. ಹುಡುಕಿದರೆ ಸಿಗಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಫೋನ್ ಕೂಡ ತಡವರಿಸುತ್ತದೆ.

ಇಲ್ಲೇ ಹತ್ತಿರದ ಮೂಡುಬಿದಿರೆಯಲ್ಲಿ ‘ಧವಲಾ’ ಗ್ರಂಥದ ತಾಳೆಗರಿ ಶತಮಾನಗಳ ಕಾಲ ಉಳಿಯಿತು. ಭಾಷೆ ಹೆಚ್ಚಾಗಿ ಪ್ರಾಕೃತ, ಲಿಪಿ ಹಳೆಗನ್ನಡ. ಆ ಲಿಪಿ ಬಲ್ಲವರು ಇದ್ದದ್ದಕ್ಕೇ ಅದು ನಾಗರಿಗೆ ಇಳಿದು, 1939ರಿಂದ ಅಚ್ಚಾಗತೊಡಗಿತು. ನಮ್ಮ ಹಳೇ ನುಡಿ ಫೈಲುಗಳಿಗೂ ಈಗ ಅಂಥದ್ದೇ ಕೆಲಸ ಬಾಕಿ. ಮೂಲ ಫೈಲ್ ಇನ್ನೂ ಇದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ, ಆಮೇಲೆ ಪಿಡಿಎಫ್ ಮಾಡಿ.